ಬಿಚ್ಚೋಕೆ ಮುಂಚೆ ನೋಡುವ ಮೇಸ್ತ್ರಿ: ಬನ್ನಿಮಂಟಪದ ಒಂದು ರೇಡಿಯೇಟರ್ ಅಂಗಡಿ

ನಮ್ಮ 2011ರ ಬೊಲೆರೊ ಪಿಕಪ್ ಎಂಟು ತಿಂಗಳು ಕೂಲಂಟ್ (ಎಂಜಿನ್ ತಣ್ಣಗಿಡೋಕೆ ರೇಡಿಯೇಟರ್‌ಗೆ ತುಂಬೋ ದ್ರವ) ಕುಡಿಯಿತು. ನೆಲಕ್ಕೆ ಒಂದು ಹನಿ ಬಿದ್ದಿದ್ದು ಕಾಣಲಿಲ್ಲ. ರಾತ್ರಿ ಗಾಡಿ ಕೆಳಗೆ ಹಳೇ ಪೇಪರ್ ಹಾಸಿ ಬೆಳಿಗ್ಗೆ ಟಾರ್ಚ್ ಹಿಡಿದು ನೋಡುತ್ತಿದ್ದೆ, ಪೇಪರ್ ಒಣಗಿಯೇ ಇರುತ್ತಿತ್ತು. ಎಲ್ಲಿಗೆ ಹೋಗುತ್ತಿದೆ ಅಂತ ಮೂರು ಕಡೆ ತೋರಿಸಿದೆ. ಮೂರು ಕಡೆಯೂ ಏನು ಹಾಕಬೇಕು, ಏನು ಇಳಿಸಬೇಕು ಅಂದರೇ ಹೊರತು ಎಲ್ಲಿಗೆ ಹೋಗುತ್ತಿದೆ ಅನ್ನೋದನ್ನ ಯಾರೂ ಹುಡುಕಲಿಲ್ಲ. ಹುಡುಕಿದ್ದು ನಾಲ್ಕನೇ ಅಂಗಡಿಯವರು. ಅವರ ಬಗ್ಗೆ ವಿವರವಾಗಿ ಬರೆಯಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ನಮ್ಮದು ಶ್ರೀರಂಗಪಟ್ಟಣದ ಹತ್ತಿರ ಸಣ್ಣ ನರ್ಸರಿ. ಟ್ರೇ ಸಸಿ, ಅಡಿಕೆ, ಮೆಣಸು ಬೆಳೆಸುತ್ತೇವೆ. ಗಾಡಿ ಅಪ್ಪ ಕೊಂಡಿದ್ದು. 2523 ಸಿಸಿಯ ಡಿಐ ಡೀಸೆಲ್ ಎಂಜಿನ್ನು, ಗಟ್ಟಿ ಜೀವ. ಅಪ್ಪ ಹೋದ ಮೇಲೆ ಎರಡು ವರ್ಷದಿಂದ ನಾನೇ ಓಡಿಸುತ್ತಿದ್ದೇನೆ. ವಾರಕ್ಕೆ ಎರಡು ಸಲ ನಂಜನಗೂಡು ಕಡೆ, ಹದಿನೈದು ದಿನಕ್ಕೊಮ್ಮೆ ಇಲವಾಲ, ಹುಣಸೂರು, ಪಿರಿಯಾಪಟ್ಟಣ ದಾಟಿ ಮಡಿಕೇರಿ. ಕುಶಾಲನಗರದವರೆಗೆ ಗಾಡಿಗೆ ಕಷ್ಟವೇ ಇಲ್ಲ. ಸುಂಟಿಕೊಪ್ಪ ಆದ ಮೇಲೆ ಏರು ಶುರುವಾದರೆ ಎರಡನೇ ಗೇರು, ಮೂರನೇ ಗೇರು. ಅಲ್ಲೇ ಒಂದು ದಿನ ಟೆಂಪರೇಚರ್ ಮುಳ್ಳು ಕೆಂಪಿನ ಹತ್ತಿರಕ್ಕೆ ಹೋಯಿತು. ಪಕ್ಕಕ್ಕೆ ನಿಲ್ಲಿಸಿ, ಮುಕ್ಕಾಲು ಗಂಟೆ ಆರಲು ಬಿಟ್ಟು, ಬಟ್ಟೆ ಹಿಡಿದು ರೇಡಿಯೇಟರ್ ಮುಚ್ಚಳ ತೆಗೆದರೆ ಒಳಗೆ ಕೂಲಂಟ್ ಕಾಣಿಸಲೇ ಇಲ್ಲ. ಪಕ್ಕದ ಬಾಟಲಿಯಲ್ಲಿ ಮಾತ್ರ ಮೇಲಿನ ಗೆರೆಯವರೆಗೂ ತುಂಬಿತ್ತು. ನಾನು ದಿನಾ ಬೆಳಿಗ್ಗೆ ನೋಡುತ್ತಿದ್ದದ್ದು ಆ ಬಾಟಲಿಯನ್ನೇ.

ಮೊದಲು ತೋರಿಸಿದ್ದು ಹುಣಸೂರು ರಸ್ತೆಯಲ್ಲಿ ಒಬ್ಬ ಮೆಕ್ಯಾನಿಕ್‌ಗೆ. ಸಣ್ಣ ಲೀಕ್ ಇರುತ್ತೆ ಅಂತ ಒಂದು ಹಿಡಿ ಅರಿಶಿನ ಪುಡಿ ರೇಡಿಯೇಟರ್‌ಗೆ ಸುರಿದು ಕಳಿಸಿದ. ಲಾರಿಯವರು ತಲೆತಲಾಂತರದಿಂದ ಮಾಡಿಕೊಂಡು ಬಂದಿರೋ ಉಪಾಯ ಅದು. ಎರಡು ವಾರ ಕಡಿಮೆ ಆದಂತಿತ್ತು, ಆಮೇಲೆ ಮತ್ತೆ ಶುರು. ಎರಡನೆಯವರು ಹೋಸಿನ ಕ್ಲಿಪ್‌ಗಳನ್ನೆಲ್ಲ ಬದಲಾಯಿಸಿದರು. ಮೂರನೆಯದು ದೊಡ್ಡ ಗ್ಯಾರೇಜು. ಅಲ್ಲಿ ಬಾನೆಟ್ ಎತ್ತಿ, ಎಂಜಿನ್ ಸ್ಟಾರ್ಟ್ ಮಾಡಿ, ರೇಡಿಯೇಟರ್ ಬಾಯಲ್ಲಿ ಗುಳ್ಳೆ ಬರೋದನ್ನ ನೋಡಿ ಐದೇ ನಿಮಿಷದಲ್ಲಿ ತೀರ್ಪು ಕೊಟ್ಟರು: ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಹೋಗಿದೆ, ಹೆಡ್ ಇಳಿಸಬೇಕು, ಲೇತ್‌ಗೆ ಕಳಿಸಿ ಅದರ ಮುಖ ಸಮ ಮಾಡಿಸಬೇಕು, 32,000 ಆಗುತ್ತೆ, ಒಳಗೆ ಬೇರೆ ಏನಾದರೂ ಸಿಕ್ಕರೆ ಅದು ಬೇರೆ. ನಾನು ಆಯಿಲ್ ಕಡ್ಡಿ ತೆಗೆದು ತೋರಿಸಿ, ಆಯಿಲ್ ಚೆನ್ನಾಗೇ ಇದೆಯಲ್ಲ, ಕೂಲಂಟ್ ಸೇರಿ ಹಾಲು ಬೆರೆಸಿದ ಹಾಗೆ ಆಗಿಲ್ಲವಲ್ಲ ಅಂದೆ. “ಮನೇಲಿ ಗಂಡಸರು ಯಾರಾದ್ರೂ ಇದ್ರೆ ಕಳ್ಸಿ ಮೇಡಂ, ಅವ್ರತ್ರ ಮಾತಾಡ್ತೀವಿ” ಅಂದರು. ಕೀ ಇಸ್ಕೊಂಡು ಬಂದೆ. ಆ ಮಾತು ಈಗಲೂ ಚುಚ್ಚುತ್ತೆ. ಗಾಡಿ ಓಡಿಸೋದು ನಾನು, ಕಂತು ಕಟ್ಟಿ ಮುಗಿಸಿದ್ದು ನಾನು.

ಮೈಸೂರಿನ ಬನ್ನಿಮಂಟಪದ ಮೇಸ್ತ್ರಿಗಳ ವಿಷಯ ಹೇಳಿದ್ದು ಕೋಕೋಪೀಟ್ ತಂದುಕೊಡುವ ಲಾರಿ ಡ್ರೈವರಣ್ಣ. ಬೆಂಗಳೂರು ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಅಡ್ಡರಸ್ತೆ. ಟೈರ್ ಅಂಗಡಿ, ವೆಲ್ಡಿಂಗ್ ಅಂಗಡಿ, ಅದರ ಪಕ್ಕ ಶೀಟು ಹಾಕಿದ ಒಂದು ಶೆಡ್ಡು. ಬೋರ್ಡ್ ಬಣ್ಣ ಮಾಸಿದೆ. ಗೋಡೆಗೆ ಒರಗಿಸಿದ ಹಳೇ ತಾಮ್ರದ ರೇಡಿಯೇಟರ್‌ಗಳೇ ಗುರುತು. ಮೇಸ್ತ್ರಿಗಳಿಗೆ ಅರವತ್ತು ದಾಟಿದೆ. ಜೊತೆಗೆ ಅವರ ಮಗ, ಒಬ್ಬ ಹುಡುಗ. ಅಷ್ಟೇ ಜನ.

ಹೋದ ತಕ್ಷಣ ಬಾನೆಟ್ ಎತ್ತಲಿಲ್ಲ ಅವರು. ಮೊದಲು ಸ್ಟೂಲ್ ಹಾಕಿಸಿದರು, ಆಮೇಲೆ ಪ್ರಶ್ನೆ ಶುರು ಮಾಡಿದರು. “ಎಷ್ಟು ದಿನಕ್ಕೆ ಎಷ್ಟು ಹಾಕ್ತೀಯ ತಾಯಿ? ಏರು ಹತ್ತಿದ ದಿನ ಜಾಸ್ತಿನಾ, ಊರೊಳಗೆ ಓಡಾಡಿದ ದಿನ ಜಾಸ್ತಿನಾ? ಲೋಡ್ ಇದ್ದಾಗಲಾ, ಖಾಲಿ ಬಂದಾಗಲಾ? ಹಾಕೋದು ಬಾಟ್ಲಿಗಾ, ರೇಡಿಯೇಟರ್‌ಗಾ?” ಒಂದಕ್ಕೂ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಆಗಾಗ ಹಾಕ್ತೀನಿ, ಒಂದು ಲೀಟರ್ ಇರಬಹುದು ಅಂದೆ. “ಇರಬೌದು ಅಂದ್ರೆ ಆಗಾಕಿಲ್ಲ. ಹತ್ತು ದಿನ ಅಳೆದು ಬರ್ಕೊಂಡು ಬಾ. ಅಲ್ಲೀಗಂಟ ಏರು ಹತ್ತುವಾಗ ಮುಳ್ಳಿನ ಮೇಲೆ ಕಣ್ಣಿರಲಿ, ಅರ್ಧ ದಾಟಿದ್ರೆ ನಿಲ್ಸು” ಅಂತ ಹೇಳಿ ದುಡ್ಡು ತೆಗೆದುಕೊಳ್ಳದೆ ಕಳಿಸಿದರು.

ಅಳೆಯೋದು ನಮಗೆ ಹೊಸದಲ್ಲ. ನರ್ಸರಿಯಲ್ಲಿ ಔಷಧಿ ಅಳೆಯುವ ಮಿಲಿ ಗುರುತಿನ ಲೋಟಗಳಿವೆ. ಬಳಸದ ಹೊಸದೊಂದನ್ನು ಇದಕ್ಕೇ ಅಂತ ಎತ್ತಿಟ್ಟೆ. ದಿನಾ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು, ಕುತ್ತಿಗೆ ಮಟ್ಟಕ್ಕೆ ಬರುವವರೆಗೆ ಹಾಕಿ, ಹಾಕಿದ್ದನ್ನ ಸಸಿ ಲೆಕ್ಕದ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದೆ. ನಂಜನಗೂಡಿಗೆ ಹೋಗಿ ಬಂದ ಮಾರನೇ ದಿನ 80 ಮಿಲಿ. ಗಾಡಿ ನಿಂತೇ ಇದ್ದ ಎರಡು ದಿನ ಸೊನ್ನೆ. ಮೈಸೂರು ಮಾರ್ಕೆಟ್ಟಿಗೆ ಹೋದ ದಿನ 60. ಅಡಿಕೆ ಸಸಿ ಲೋಡ್ ಮಾಡಿಕೊಂಡು ಮಡಿಕೇರಿ ಹತ್ತಿದ ಮಾರನೇ ದಿನ 750. ಇನ್ನೊಂದು ವಿಷಯವೂ ಆ ಹತ್ತು ದಿನದಲ್ಲೇ ಕಣ್ಣಿಗೆ ಬಿತ್ತು. ಸಂಜೆ ಬಿಸಿ ಇರುವಾಗ ರೇಡಿಯೇಟರಿನ ಮೇಲಿನ ಹೋಸ್ ಉಬ್ಬಿ ಗಟ್ಟಿಯಾಗಿರುತ್ತೆ, ಬೆಳಿಗ್ಗೆ ನೋಡಿದರೆ ಯಾರೋ ಎರಡು ಬೆರಳಲ್ಲಿ ಅದುಮಿ ಹಿಡಿದ ಹಾಗೆ ಚಪ್ಪಟೆ. ಮುಚ್ಚಳ ತಿರುಗಿಸಿದ ಕ್ಷಣ ಸುಯ್ ಅಂತ ಗಾಳಿ ಒಳಗೆಳೆದುಕೊಂಡು ಹೋಸ್ ಮತ್ತೆ ದುಂಡಗಾಗುತ್ತಿತ್ತು. ಹಳೇ ರಬ್ಬರ್, ಸೋತಿರಬೇಕು ಅಂದುಕೊಂಡಿದ್ದೆ.

ನೋಟ್‌ಬುಕ್ ತೋರಿಸಿ ಹೋಸಿನ ಸಂಗತಿ ಹೇಳಿದಾಗ ಮೇಸ್ತ್ರಿಗಳ ಮುಖ ಅರಳಿತು. “ಅರ್ಧ ರೋಗ ನೀನೇ ಹೇಳ್ಬುಟ್ಟೆ ಕಣಮ್ಮ” ಅಂದರು.

ರೇಡಿಯೇಟರ್ ಮುಚ್ಚಳವನ್ನ ಅಂಗೈಲಿ ಮಗುಚಿ ಹಿಡಿದು ತೋರಿಸಿದರು. ಅದರಲ್ಲಿರೋದು ಒಂದಲ್ಲ, ಎರಡು ಬಾಗಿಲು. ದೊಡ್ಡ ಸ್ಪ್ರಿಂಗಿನದ್ದು ಬಿಸಿಯಾಗಿ ಒತ್ತಡ ಏರಿದಾಗ ತೆರೆದು ಹೆಚ್ಚಾದ ಕೂಲಂಟನ್ನ ಬಾಟಲಿಗೆ ಬಿಡುತ್ತೆ. ನಡುವೆ ಬಟ್ಟಲಿನ ಹಾಗಿರೋ ಪುಟ್ಟ ಬಾಗಿಲು ಎಂಜಿನ್ ತಣ್ಣಗಾದಾಗ ತೆರೆದು, ಬಾಟಲಿಗೆ ಹೋದದ್ದನ್ನ ಮತ್ತೆ ಒಳಗೆ ಎಳೆದುಕೊಳ್ಳುತ್ತೆ. ನಮ್ಮ ಮುಚ್ಚಳದ ಆ ಪುಟ್ಟ ಬಾಗಿಲು ಅಂಟಿಕೊಂಡಿತ್ತು. ಮೇಸ್ತ್ರಿಗಳು ಉಗುರಿನ ತುದಿಯಿಂದ ಎತ್ತಿದರು. ಕೆಳಗಿನ ರಬ್ಬರಿನ ಸುತ್ತ ಹಳದಿ ಮೆತ್ತಿಕೊಂಡಿತ್ತು, ಅದರ ಮೇಲೆ ಬಿಳಿ ಸುಣ್ಣ. ಹಳದಿ ಅಂದರೆ ಆ ಅರಿಶಿನ. ಸುಣ್ಣ ನಮ್ಮ ಬೋರ್‌ವೆಲ್ ನೀರಿನದು. ಅಪ್ಪನ ಕಾಲದಿಂದ ಕಡಿಮೆಯಾದಾಗ ಬೋರ್ ನೀರನ್ನೇ ಹಾಕಿಕೊಂಡು ಬಂದಿದ್ದೆವು. ಮನೇಲಿ ನೀರು ಕಾಯಿಸೋ ಹಂಡೆಗೆ ಕಟ್ಟೋ ಅದೇ ಸುಣ್ಣ. ಹೋಸ್ ಚಪ್ಪಟೆಯಾಗುತ್ತಿದ್ದದ್ದು ಇದಕ್ಕೇ: ಒಳಗೆ ತಣ್ಣಗಾಗಿ ಕೂಲಂಟ್ ಕುಗ್ಗುತ್ತಿತ್ತು, ಬಾಟಲಿಯಿಂದ ಬರಬೇಕಾದ್ದು ಬರುತ್ತಿರಲಿಲ್ಲ, ಹೋಸೇ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಬಾಟಲಿ ತುಂಬಿರೋದನ್ನ ನೋಡಿ ನಾನು ಮೊದಮೊದಲು ನೆಮ್ಮದಿಯಾಗಿದ್ದೆ. ರೋಗ ಮರೆಸಿಟ್ಟದ್ದೇ ಆ ಬಾಟಲಿ.

ಆದರೆ ಅಂಟಿದ ಮುಚ್ಚಳ ಇದ್ದದ್ದನ್ನ ಬಚ್ಚಿಡುತ್ತೆ ಅಷ್ಟೇ, 750 ಮಿಲಿಯನ್ನ ಗಾಡಿಯಿಂದ ಹೊರಗೆ ಹಾಕಲ್ಲ. ಹಾಗಾಗಿ ಮುಚ್ಚಳ ಹೊಸದು ಹಾಕಿ ದುಡ್ಡು ಇಸ್ಕೊಂಡು ಕಳಿಸಲಿಲ್ಲ. “ಇವತ್ತು ಗಾಡಿ ಬುಟ್ಟೋಗು, ಬೆಳಿಗ್ಗೆ ತಣ್ಣಗಿರುವಾಗ ನೋಡಬೇಕು. ನೋಡೋಕೆ ಮುನ್ನೂರು ತಗೋತೀನಿ, ಕೆಲಸ ಇಲ್ಲೇ ಮಾಡಿಸಿದ್ರೂ ಸೈ, ಬೇರೆ ಕಡೆ ಮಾಡಿಸಿದ್ರೂ ಸೈ” ಅಂದರು. ನೋಡುವುದಕ್ಕೆ ಅಂತ ಬೇರೆಯಾಗಿ ದುಡ್ಡು ಹೇಳಿದ ಮೆಕ್ಯಾನಿಕ್‌ನ ನಾನು ಮೊದಲ ಸಲ ಕಂಡದ್ದು. ಆ ಮುನ್ನೂರು ನನಗೆ ತುಂಬಾ ಹಿಡಿಸಿತು. ನೋಡೋದು ಪುಕ್ಕಟೆ ಆದಾಗ ದುಡ್ಡು ಬಿಚ್ಚೋದರಲ್ಲೇ ಹುಟ್ಟಬೇಕಾಗುತ್ತೆ.

ಮಾರನೇ ದಿನ ಬೆಳಿಗ್ಗೆ ಎಂಟೂವರೆಗೆ ಹೋಗಿ ಪಕ್ಕದಲ್ಲೇ ನಿಂತು ನೋಡಿದೆ. ಬೇಡ ಅನ್ನಲಿಲ್ಲ, ಒಂದೊಂದನ್ನೂ ಹೇಳಿಕೊಂಡೇ ಮಾಡಿದರು.

ಮೊದಲು ಹೆಡ್ ಗ್ಯಾಸ್ಕೆಟ್ ಪರೀಕ್ಷೆ. ನಿಧಾನವಾಗಿ ತುಂಬಿಸಿ, ಹೋಸ್‌ಗಳನ್ನ ಅದುಮಿ ಅದುಮಿ ಒಳಗಿನ ಗಾಳಿಯನ್ನೆಲ್ಲ ತೆಗೆದರು. ಆಮೇಲೆ ಮುಚ್ಚಳ ಹಾಕದೆ ತಣ್ಣನೆ ಎಂಜಿನ್ ಸ್ಟಾರ್ಟ್. ಗ್ಯಾಸ್ಕೆಟ್ ಹೋಗಿದ್ದರೆ ಸಿಲಿಂಡರಿನ ಗಾಳಿ ನೀರಿನ ದಾರಿಗೆ ನುಗ್ಗಿ ಸ್ಟಾರ್ಟ್ ಆದ ಸ್ವಲ್ಪ ಹೊತ್ತಿಗೇ ಗುಳ್ಳೆ ಏಳುತ್ತೆ, ಮುಚ್ಚಳ ಹಾಕಿದ್ದರೆ ನೀರು ಕಾಯೋಕೆ ಮುಂಚೆಯೇ ಹೋಸ್ ಕಲ್ಲಾಗುತ್ತೆ. ಇಲ್ಲಿ ಒಂದು ಗುಳ್ಳೆ ಬರಲಿಲ್ಲ. ದೊಡ್ಡ ಗ್ಯಾರೇಜಿನವರು ನೋಡಿದ ಗುಳ್ಳೆ ಏನು ಅಂತ ಕೇಳಿದೆ. ಅರ್ಧ ಖಾಲಿಯಾದ ರೇಡಿಯೇಟರಿನಲ್ಲಿ ಸಿಕ್ಕಿಬಿದ್ದ ಗಾಳಿಯೂ ಗುಳ್ಳೆಯಾಗೇ ಬರೋದು, ಪೂರ್ತಿ ತುಂಬಿಸದೆ ಅದನ್ನ ನೋಡಿ ಪ್ರಯೋಜನ ಇಲ್ಲ ಅಂದರು.

ಅದಾದ ಮೇಲೆ ಒಂದು ಗಾಜಿನ ಕೊಳವೆಯಲ್ಲಿ ನೀಲಿ ದ್ರವ ಹಾಕಿ ರೇಡಿಯೇಟರ್ ಬಾಯಿಗೆ ಕೂರಿಸಿ, ಮೇಲಿನ ರಬ್ಬರ್ ಚೆಂಡನ್ನ ಅದುಮುತ್ತಾ ಒಳಗಿನ ಗಾಳಿಯನ್ನ ಆ ದ್ರವದ ಮೂಲಕ ಎಳೆದರು. ಹೊಗೆಯಲ್ಲಿರೋ ಕಾರ್ಬನ್ ಡೈಆಕ್ಸೈಡ್ ಸೋಕಿದರೆ ಬಣ್ಣ ತಿರುಗುತ್ತೆ. ಪೆಟ್ರೋಲ್ ಗಾಡಿಯಲ್ಲಿ ಹಳದಿ, ಡೀಸೆಲ್‌ನಲ್ಲಿ ಹಸಿರು. ಡೀಸೆಲ್ ಎಂಜಿನ್ ಸುಮ್ಮನೆ ಐಡಲ್‌ನಲ್ಲಿರುವಾಗ ಆ ಗ್ಯಾಸು ಕಡಿಮೆ ಇರುತ್ತೆ, ಹಾಗಾಗಿ ಲೀಕ್ ಇದ್ದರೂ ಬಣ್ಣ ತಿರುಗದೇ ಮೋಸ ಹೋಗಬಹುದು ಅಂತ ಮಗನ ಕೈಲಿ ರೇಸ್ ಕೊಡಿಸಿದರು. ನೀಲಿ ನೀಲಿಯಾಗೇ ಉಳಿಯಿತು. ಆ ಗಾಜನ್ನ ನನ್ನ ಕಡೆ ತಿರುಗಿಸಿ ಹಿಡಿದಾಗ ಮೂವತ್ತೆರಡು ಸಾವಿರ ಉಳಿಯಿತು ಅನ್ನೋದಕ್ಕಿಂತ ಹೆಚ್ಚಾಗಿ ಅಪ್ಪನ ಎಂಜಿನ್ನಿಗೆ ಏನೂ ಆಗಿಲ್ಲ ಅನ್ನೋದು ಸಮಾಧಾನ ತಂದಿತು.

ಮೂರನೆಯದು ಪ್ರೆಷರ್ ಪರೀಕ್ಷೆ. ಸೈಕಲ್ ಪಂಪಿನಂಥ ಒಂದು ಕೈಪಂಪು, ಅದಕ್ಕೊಂದು ಮೀಟರ್. ಮುಚ್ಚಳದ ಜಾಗಕ್ಕೆ ಅದನ್ನ ಕೂರಿಸಿ ನಮ್ಮ ಮುಚ್ಚಳದ ಮೇಲೆ ಅಚ್ಚಾಗಿದ್ದ 0.9 ಬಾರ್ ಒತ್ತಡದಷ್ಟು ಗಾಳಿ ತುಂಬಿಸಿದರು. ಈ ಒತ್ತಡ ಯಾಕೆ ಬೇಕು ಅಂತಲೂ ಹೇಳಿದರು. ಮೈಸೂರು ಎತ್ತರದಲ್ಲಿರೋದರಿಂದ ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಮುಂಚೆ. ಒತ್ತಡ ನಿಂತರೆ 115 ದಾಟಿದರೂ ಕುದಿಯಲ್ಲ. ಎಲ್ಲೋ ಒಂದು ಕಡೆ ಸೋರಿ ಒತ್ತಡ ಬಿಟ್ಟುಹೋದರೆ, ಏರಿನಲ್ಲಿ ಎಂಜಿನ್ ದುಡಿಯುವಾಗ ಬೇಗ ಕುದಿಯೋದು ಅದಕ್ಕೇ.

ಇಪ್ಪತ್ತು ನಿಮಿಷ ಕಾದೆವು. ಮೀಟರಿನ ಮುಳ್ಳು ಅಲ್ಲಾಡಲಿಲ್ಲ. ನನಗೆ ಎದೆ ಧಸಕ್ ಅಂತು, ಇಲ್ಲೂ ಸಿಗಲ್ವೇನೋ ಅಂತ. ಮೇಸ್ತ್ರಿಗಳು ಬೇಸರವಿಲ್ಲದೆ ನನ್ನ ನೋಟ್‌ಬುಕ್ ತೆಗೆದು ಆ ಸೊನ್ನೆಗಳ ಮೇಲೆ ಬೆರಳಿಟ್ಟರು. “ನಿಂತಾಗ ಹೋಗಾಕಿಲ್ಲ ಅಂತ ಇಲ್ಲೇ ಬರ್ದಿದ್ದೀಯಲ್ಲ. ಓಡುವಾಗ ಹೋಗೋದನ್ನ ಓಡಿಸಿಯೇ ನೋಡಬೇಕು.” ಮೀಟರ್ ಹಾಗೇ ಇಟ್ಟುಕೊಂಡು ಎಂಜಿನ್ ಬಿಸಿ ಮಾಡಿದರು, ರೇಸ್ ಏರಿಸಿ ಹಿಡಿಯಲು ಹೇಳಿ, ಹಲ್ಲಿನ ಡಾಕ್ಟರ ಹತ್ತಿರ ಇರುತ್ತಲ್ಲ ಅಂಥ ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನ ಬೆಲ್ಟಿಗೆ ತಾಗದ ಹಾಗೆ ಕೆಳಗಿನಿಂದ ವಾಟರ್ ಪಂಪಿನ (ಕೂಲಂಟನ್ನ ಎಂಜಿನ್ನಲ್ಲಿ ಸುತ್ತಿಸೋ ಪಂಪಿನ) ಕಡೆ ಹಿಡಿದರು. ಹದಿನೈದು ನಿಮಿಷ. ಆಮೇಲೆ ನನ್ನನ್ನ ಬಗ್ಗಿ ನೋಡು ಅಂದರು.

ಪಂಪಿನ ಕೆಳಹೊಟ್ಟೆಯಲ್ಲಿ ಪೆನ್ಸಿಲ್ ತುದಿಯಷ್ಟು ಒಂದು ತೂತು. ಅದರ ಸುತ್ತ ಹಸಿರು ಮಿಶ್ರಿತ ಬಿಳಿ ಹರಳು, ಉಪ್ಪು ಕಟ್ಟಿದ ಹಾಗೆ. ಕನ್ನಡಿಯಲ್ಲಿ ನೋಡುತ್ತಿದ್ದ ಹಾಗೇ ತೂತಿನ ಅಂಚಿನಲ್ಲಿ ಒಂದು ಹನಿ ಕೂಡಿತು, ಬೀಳಲಿಲ್ಲ, ಫ್ಯಾನಿನ ಗಾಳಿಗೆ ಹಿಂದಕ್ಕೆ ಎಳೆದುಕೊಂಡು ಹೋಗಿ ಬಿಸಿ ಬ್ಲಾಕಿನ ಮೇಲೆ ಚುರ್ ಅಂತ ಆರಿಹೋಯಿತು. ಇನ್ನೊಂದು ಹನಿ ಕೂಡಿತು. ಎಂಟು ತಿಂಗಳು ನಾನು ನೆಲದ ಮೇಲೆ ಹುಡುಕಿದ್ದು ಇದನ್ನ. ಅದು ನೆಲದವರೆಗೆ ಬರುತ್ತಲೇ ಇರಲಿಲ್ಲ.

ಆ ತೂತು ಕೆಟ್ಟದ್ದರಿಂದ ಆದದ್ದಲ್ಲ, ಪಂಪ್ ಮಾಡುವಾಗಲೇ ಇಟ್ಟಿರೋದು. ಒಳಗೆ ನೀರಿನ ಕಡೆಗೊಂದು ಸೀಲ್, ಆಚೆ ಬೇರಿಂಗ್, ಎರಡರ ನಡುವೆ ಈ ತೂತು. ಸೀಲ್ ಸವೆದಾಗ ನೀರು ಬೇರಿಂಗ್‌ಗೆ ನುಗ್ಗದೆ ಇಲ್ಲಿಂದ ಹೊರಗೆ ಬರಲಿ, ಓನರ್‌ಗೆ ಗೊತ್ತಾಗಲಿ ಅಂತ. ತಣ್ಣಗೆ ನಿಂತಾಗ ಸೀಲ್ ಕೂತುಕೊಳ್ಳುತ್ತೆ, ಬಿಸಿಯಾಗಿ ಜೋರಾಗಿ ತಿರುಗುವಾಗ ಬಿಡುತ್ತೆ. ಎಂಜಿನ್ ಆರಿಸಿ ಬೆಲ್ಟ್ ಬಿಚ್ಚಿ ಪುಲ್ಲಿಯನ್ನ ನನ್ನ ಕೈಗೇ ಕೊಟ್ಟರು, ಅಲ್ಲಾಡಿಸಿ ನೋಡು ಅಂತ. ಕೂದಲೆಳೆಯಷ್ಟು ಆಡುತ್ತಿತ್ತು. ಬೇರಿಂಗೂ ಮುಗಿಯುತ್ತಾ ಬಂದಿದೆ, ಇನ್ನೆರಡು ಸಲ ಮಡಿಕೇರಿ ಹತ್ತಿದ್ದರೆ ದಾರಿಯಲ್ಲೇ ಕೂರುತ್ತಿದ್ದೆ ಅಂದರು. ತೂತಿಗೆ ಎಂ-ಸೀಲ್ ಹಚ್ಚಿ ಮುಚ್ಚಿಸಿಕೊಂಡು ಬರುವ ಗಾಡಿಗಳೂ ಇವೆಯಂತೆ. ಅದನ್ನ ಹೇಳುವಾಗ ಅವರ ದನಿಯಲ್ಲಿ ನಿಜವಾದ ನೋವಿತ್ತು.

ಪಂಪ್ ಎರಡು ತರಿಸಿ ಮುಂದಿಟ್ಟರು. ಒಂದು 1,250, ಒಂದು 2,150. ಕಡಿಮೆ ಬೆಲೆಯದರ ರೆಕ್ಕೆ ತೆಳು ತಗಡು, ಇನ್ನೊಂದರದು ಎರಕದ್ದು. ಆಯ್ಕೆ ನಿನ್ನದು ಅಂದರು. ಎರಕದ್ದು ಹಾಕಿಸಿದೆ. ಬೆಲ್ಟ್ 420, ಮುಚ್ಚಳ 180, ರೇಡಿಯೇಟರ್ ಫ್ಲಶ್ 600, ಕೂಲಂಟ್ 1,300, ಕೂಲಿ 1,000, ನೋಡಿದ್ದಕ್ಕೆ 300. ಎಲ್ಲಾ ಸೇರಿ 5,950. ಫ್ಲಶ್ ಮಾಡುವಾಗ ಮೊದಲು ಬಂದ ನೀರು ಬಿಸಿಬೇಳೆಬಾತಿನ ಬಣ್ಣದಲ್ಲಿತ್ತು, ಅರಿಶಿನ, ತುಕ್ಕು, ಸುಣ್ಣ ಎಲ್ಲಾ. ತಿಳಿ ಬರುವವರೆಗೂ ಬಿಡಲಿಲ್ಲ. ಇನ್ನು ಮೇಲೆ ಬೋರ್ ನೀರು ಮುಟ್ಟಿಸಬೇಡ, ಕಡಿಮೆ ಆದರೆ ಇದೇ ಜಾತಿಯ ಕೂಲಂಟ್, ಇಲ್ಲವಾದರೆ ಡಿಸ್ಟಿಲ್ಡ್ ವಾಟರ್ ಅಂತ ಹೇಳಿ, ಕೂಲಂಟ್ ಕ್ಯಾನಿನ ಲೇಬಲ್ ಹರಿದು ನನ್ನ ನೋಟ್‌ಬುಕ್ಕಿಗೇ ಅಂಟಿಸಿಕೊಟ್ಟರು. ಬಣ್ಣ ಒಂದೇ ಅಂತ ಬೇರೆ ಕೂಲಂಟ್ ಬೆರೆಸಬಾರದಂತೆ, ಬಣ್ಣ ಬರೀ ಬಣ್ಣ. ಹಳೇ ಪಂಪ್, ಮುಚ್ಚಳ ಎರಡನ್ನೂ ಕೇಳದೆಯೇ ಚೀಲಕ್ಕೆ ಹಾಕಿಕೊಟ್ಟರು.

ಕೊರತೆಗಳನ್ನೂ ಹೇಳಬೇಕು. ಹೆಂಗಸರಿಗೆ ಅಲ್ಲಿ ಶೌಚಾಲಯ ಇಲ್ಲ, ಬೆಳಿಗ್ಗೆಯಿಂದ ಸಂಜೆವರೆಗೆ ನಿಂತ ನನಗೆ ಅದು ದೊಡ್ಡ ಕಷ್ಟವಾಯಿತು. ಬೆಂಗಳೂರು ರಸ್ತೆಯ ಪೆಟ್ರೋಲ್ ಬಂಕ್‌ವರೆಗೆ ನಡೆದು ಹೋದೆ. ಮಗನಿಗೆ ಹೇಳಿದ್ದೇನೆ, ಪಕ್ಕದ ವೆಲ್ಡಿಂಗ್ ಅಂಗಡಿಯ ಜೊತೆ ಸೇರಿ ಏನಾದರೂ ಮಾಡ್ತೀವಿ ಅಂದಿದ್ದಾನೆ, ಮಾಡಬೇಕು. ಫೋನ್ ಎತ್ತೋದು ಕಡಿಮೆ, ಎರಡು ಸಲ ಹೋಗಿಯೇ ವಿಚಾರಿಸಬೇಕಾಯಿತು. ಬಿಲ್ಲು ಕೈಬರಹದ್ದು, ಬಿಡಿಭಾಗಗಳಿಗೆ ಮಾತ್ರ ಅಂಗಡಿ ಬಿಲ್ ಸಿಕ್ಕಿತು. ಅವಸರದವರಿಗೆ ಈ ಅಂಗಡಿ ಒಗ್ಗಲ್ಲ. ನನ್ನ ಕೆಲಸಕ್ಕೆ ಅಳತೆಯ ಹತ್ತು ದಿನ ಬಿಟ್ಟು ಎರಡು ಪೂರ್ತಿ ದಿನ ಹಿಡಿಯಿತು.

ನಾಲ್ಕು ತಿಂಗಳಾಯಿತು. ಮಡಿಕೇರಿಗೆ ಏಳು ಸಲ ಹೋಗಿ ಬಂದೆ, ಒಂದು ಸಲ ಮಳೆಗಾಲದ ಮಂಜಿನಲ್ಲಿ ತುಂಬು ಲೋಡ್ ಹಾಕಿಕೊಂಡು. ಮುಳ್ಳು ಅರ್ಧದ ಗೆರೆ ದಾಟಿಲ್ಲ. ಸಂಜೆ ಬಾಟಲಿಯ ಮಟ್ಟ ಒಂದು ಬೆರಳು ಏರುತ್ತೆ, ಬೆಳಿಗ್ಗೆ ಒಂದು ಬೆರಳು ಇಳಿಯುತ್ತೆ. ಉಸಿರಾಡಿದ ಹಾಗೆ. ಭಾನುವಾರ ಬೆಳಿಗ್ಗೆ ಈಗಲೂ ಮುಚ್ಚಳ ತೆಗೆದು ನೋಡುತ್ತೇನೆ, ಕುತ್ತಿಗೆಯವರೆಗೆ ಹಸಿರು ನಿಂತಿರುತ್ತೆ. ನೋಟ್‌ಬುಕ್ಕಿನಲ್ಲಿ ಹದಿನಾರು ಭಾನುವಾರದ ಮುಂದೆಯೂ ಸೊನ್ನೆ.

ನಿಮ್ಮ ಗಾಡಿಗೂ ಇದೇ ತೊಂದರೆ ಇದ್ದು ಅಲ್ಲಿಗೆ ಹೋಗೋದಾದರೆ, ಹಿಂದಿನ ಸಂಜೆಯೇ ಗಾಡಿ ಬಿಟ್ಟು ಬನ್ನಿ, ಬೆಳಿಗ್ಗೆ ಎಂಜಿನ್ ತಣ್ಣಗೆ ಸಿಗಬೇಕು ಅವರಿಗೆ. ಹಾಕಿದ ಕೂಲಂಟಿನ ಲೆಕ್ಕ ಮಿಲಿಯಲ್ಲಿ ಬರೆದುಕೊಂಡು ಹೋಗಿ, ಯಾವ ದಾರಿ, ಎಷ್ಟು ಲೋಡ್ ಅನ್ನೋದನ್ನೂ ಸೇರಿಸಿ. ಶುಕ್ರವಾರ ಹನ್ನೆರಡೂವರೆಯಿಂದ ಎರಡೂವರೆವರೆಗೆ ನಮಾಜಿಗೆ ಅಂಗಡಿ ಮುಚ್ಚಿರುತ್ತೆ, ಭಾನುವಾರ ಮಧ್ಯಾಹ್ನದವರೆಗೆ ಮಾತ್ರ ತೆರೆದಿರುತ್ತೆ.